ಮಗಳಿಗೊಂದು ಪತ್ರ: ಸಹಿ ಹಾಕುವ ಮೊದಲು

ಪ್ರೀತಿಯ ಮಗಳೇ,

"ಸೆಂಟ್ಸಿಗೆ ಅಷ್ಟು ರೇಟ್ ಇರುವಾಗ ಆ ಗದ್ದೆ ಇಟ್ಕೊಂಡು ಏನು ಮಾಡ್ತೀರಿ?" ಅಂತ ಫೋನಿನಲ್ಲಿ ಕೇಳಿದೆಯಲ್ಲ. ಪಕ್ಕದಲ್ಲೇ ನಿನ್ನ ಚಿಕ್ಕಪ್ಪ ಕೂತಿದ್ದರು, ನಾನು ಮಾತು ತೇಲಿಸಿದೆ. ಈಗ ಬರೆಯುತ್ತೇನೆ.

ಬ್ರೋಕರ್ ಹೇಳುವ ರೇಟು ಭತ್ತ ಬೆಳೆಯುವ ಮಣ್ಣಿನ ರೇಟಲ್ಲ. ಎಕರೆಗೆ ಇಪ್ಪತ್ತು ಕ್ವಿಂಟಾಲ್ ಬಂದರೆ ನಮಗೆ ಖುಷಿ. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,300 ರೂಪಾಯಿ. ಲೆಕ್ಕ ಹಾಕು, 46 ಸಾವಿರ. ಅದರಲ್ಲಿ ಉಳುಮೆ, ನಾಟಿ, ಕಟಾವು ಮೆಷಿನ್ನಿನ ಬಾಡಿಗೆ ಎಲ್ಲ ಕಳೆಯಬೇಕು. ಇದನ್ನು ನೋಡಿ ಯಾರೂ ಒಂದು ಸೆಂಟ್ಸಿಗೆ, ಅಂದರೆ ಎಕರೆಯ ನೂರರಲ್ಲಿ ಒಂದು ಪಾಲಿಗೆ, ಲಕ್ಷಗಟ್ಟಲೆ ಕೊಡುವುದಿಲ್ಲ. ಅವರು ಕೊಡುವುದು ಮಣಿಪಾಲ ಹತ್ತಿರ ಇದೆ ಅಂತ, ರಸ್ತೆ ಇದೆ ಅಂತ, ಕನ್ವರ್ಷನ್ ಆಗಿ ಮನೆ ಕಟ್ಟಲು ಬರುತ್ತದೆ ಅಂತ. 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆದ ಮೇಲೆ ನಮ್ಮ ಅಲೆವೂರಿನ ಕಡೆಗೆ ತಿರುಗಿ ನೋಡುವವರು ಜಾಸ್ತಿಯಾದರು. ಕೃಷಿಕರಲ್ಲದವರಿಗೆ ಆಗ ಗದ್ದೆ ಕೊಳ್ಳಲು ಕಾನೂನಿನ ಅಡ್ಡಿ ಇತ್ತು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯಲ್ಲಿ ಆ ಅಡ್ಡಿ ಹಾಕಿದ್ದ 79ಎ, 79ಬಿ ಕಲಂ ಎರಡೂ ಹೋದವು. ಈಗ ಮುಂಬೈಯವರು, ಬೆಂಗಳೂರಿನವರು, ಯಾರು ಬೇಕಾದರೂ ಬರಬಹುದು. ಬರುತ್ತಲೂ ಇದ್ದಾರೆ.

ಬಂದವರೇನು ತಕ್ಷಣ ಮನೆ ಕಟ್ಟುವುದಿಲ್ಲ. ಪಹಣಿಯಲ್ಲಿ ಹೆಸರು ಬದಲಾಗುತ್ತದೆ, ಗದ್ದೆ ಬೇಸಾಯವಿಲ್ಲದೆ ಹಡಿಲು ಬೀಳುತ್ತದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳಲ್ಲಿ ಬೇಸಾಯ ಮಾಡಿಸುವ ಆಂದೋಲನ ನಡೆಯಿತಲ್ಲ, ಒಳ್ಳೆಯ ಕೆಲಸವೇ. ಆದರೆ ಬೆಲೆ ಏರಲಿ ಅಂತ ಕಾದು ಕೂತವನಿಗೆ ಏಣೆಲು, ಅಂದರೆ ಮಳೆಗಾಲದ ಬೆಳೆಯ ಚಿಂತೆ ಎಷ್ಟು ದಿನ ಇದ್ದೀತು?

ನಮ್ಮ ಬೈಲಿನ ಮೇಲ್ಗಡೆಯ ಗದ್ದೆಯನ್ನು ಒಬ್ಬರು ತೆಗೆದುಕೊಂಡು ಮಣ್ಣು ತುಂಬಿಸಿದ್ದಾರೆ. ಟಿಪ್ಪರಿನಲ್ಲಿ ಕೆಂಪು ಮಣ್ಣು ತಂದು ಗದ್ದೆಯ ಬದುವಿಗಿಂತ, ನಮ್ಮ ಹುಣಿಗಿಂತ, ಒಂದಾಳೆತ್ತರ ಏರಿಸಿದರು. ನೀರು ಹರಿಯುವ ತೋಡನ್ನು ಮುಚ್ಚಲಿಲ್ಲ, ಅದು ನಿಜ. ತೋಡಿಗೆ ಒಂದು ಸಿಮೆಂಟ್ ಪೈಪ್ ಇಟ್ಟರು. ಆಟಿ ತಿಂಗಳ ಜೋರು ಮಳೆಗೆ ಆ ಪೈಪ್ ಎಲ್ಲಿ ಸಾಕಾಗುತ್ತದೆ? ನೀರು ಪಕ್ಕಕ್ಕೆ ನುಗ್ಗಿ ನಮ್ಮ ನೇಜಿಯ, ಭತ್ತದ ಸಸಿಗಳ ಮೇಲೆ ಕೆಸರು ಕೂತಿತು. ನಿನ್ನ ಅಪ್ಪ ಬಗ್ಗಿ ಒಂದೊಂದೇ ಬುಡ ತೊಳೆದು ನೆಟ್ಟಗೆ ನಿಲ್ಲಿಸುತ್ತಿದ್ದರು. ಬೇಸಗೆಯಲ್ಲಿ ಬಾವಿಯ ನೀರೂ ಮೊದಲಿಗಿಂತ ಬೇಗ ಇಳಿಯಿತು. ಬೈಲು ಅಂದರೆ ಮೇಲಿನ ಎತ್ತರದ ಬೆಟ್ಟು ಜಾಗದ ನೀರೆಲ್ಲ ಇಳಿದು ಬಂದು ನಿಲ್ಲುವ ತಗ್ಗು ಅಂತ ಅಳಿಯಂದಿರಿಗೂ ಸ್ವಲ್ಪ ಹೇಳು. ಅವರು ಲೇಔಟಿನ ನಕ್ಷೆ ಮಾತ್ರ ನೋಡಿದ್ದಾರೆ. 2020ರ ಸೆಪ್ಟೆಂಬರಿನ ನೆರೆ ನಿನಗೆ ನೆನಪಿರಬಹುದು.

ಇನ್ನು ಆಸ್ತಿಯ ವಿಷಯ. ಇದು ನಿನ್ನ ಅಜ್ಜ ದುಡ್ಡು ಕೊಟ್ಟು ಕೊಂಡ ಜಾಗ ಅಲ್ಲ. ಅವರು ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಚಾಲಗೇಣಿಯವರು. ಉಳುವವನಿಗೇ ಭೂಮಿ ಅಂತ 1974ರ ಕಾನೂನು ಬಂದಾಗ ಡಿಕ್ಲರೇಶನ್ ಕೊಟ್ಟು, ಭೂ ಟ್ರಿಬ್ಯುನಲ್ಲಿಗೆ ಅಲೆದು ಒಟ್ಟು ಕುಟುಂಬಕ್ಕೆ ಮಾಡಿಸಿಕೊಂಡದ್ದು. ಅದರಲ್ಲಿ ನಿನಗೂ ಹಕ್ಕಿದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರಲ್ಲೇ ಕಾನೂನಾಗಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಹೇಳಿದೆ. ನಿನಗೆ ಈಗ ಇಷ್ಟು ಫೋನ್ ಯಾಕೆ ಬರುತ್ತಿದೆ ಅಂತ ಗೊತ್ತಾಯಿತಲ್ವಾ? ನಿನ್ನ ಸಹಿ ಇಲ್ಲದೆ ಕೊಳ್ಳಲು ಗದ್ದೆ ಕೇಳಿ ಬಂದವರ ವಕೀಲರು ಒಪ್ಪುವುದಿಲ್ಲ. ಗದ್ದೆಗೆ ಬೆಲೆ ಇಲ್ಲದಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಸಹಿ ಕೇಳಿದವರು ಯಾರು!

"ಸುಮ್ನೆ ಒಂದು ಹಕ್ಕು ಬಿಡುಗಡೆ ಪತ್ರ, ಅಷ್ಟೇ" ಅನ್ನುತ್ತಾರೆ. ಹಾಕಬೇಡ. ಪವರ್ ಆಫ್ ಅಟಾರ್ನಿಯಂತೂ ಬೇಡವೇ ಬೇಡ. ಚಿಕ್ಕಪ್ಪ ಕೆಟ್ಟವರಲ್ಲ. ಅವರಿಗೆ ಮಗನ ಓದಿನ ಸಾಲ ಇದೆ, ಅರ್ಜೆಂಟಿದೆ. ಅದಕ್ಕೆ ದಾರಿ ಬೇರೆ ಇದೆ.

ರಸ್ತೆ ಬದಿಯ ಬೆಟ್ಟು ಜಾಗ ಮಾರೋಣ. ಅಲ್ಲಿ ನೀರೂ ನಿಲ್ಲುವುದಿಲ್ಲ, ಬೆಳೆಯೂ ಇಲ್ಲ, ರೇಟು ಬರುವುದೂ ಅದಕ್ಕೇ. ಚಿಕ್ಕಪ್ಪನ ಸಾಲ ತೀರುತ್ತದೆ. ಬೈಲು ಹಾಗೇ ಇರಲಿ. ಬೆಟ್ಟು ಮಾರಿದರೂ ಸಿಕ್ಕಿದ್ದೆಲ್ಲ ಕೈಗೆ ಬರುವುದಿಲ್ಲ. ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಸಭೆಯ ಗಡಿಯಿಂದ 6 ಕಿಲೋಮೀಟರ್ ಒಳಗಿನ ಕೃಷಿ ಜಮೀನಿಗೆ ಮಾರಿದ ಲಾಭದ ಮೇಲಿನ ತೆರಿಗೆಯ ವಿನಾಯಿತಿ ಇಲ್ಲ. ನಾವು ಅದರೊಳಗೇ ಬರುತ್ತೇವೆ. ಬ್ರೋಕರ್ ಇದನ್ನು ಬಾಯಿ ಬಿಡುವುದಿಲ್ಲ.

ಬೈಲು ಉಳಿಸಿ ಲಾಭ ಏನು ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಲೆಕ್ಕವಿಲ್ಲ. ವರ್ಷದ ಅಕ್ಕಿ, ಬಾವಿಗೆ ನೀರು. ಹಬ್ಬ ಬಂತೆಂದರೆ ತೆನೆಗಾಗಿ ಫ್ಲಾಟಿನವರೆಲ್ಲ ನಮ್ಮ ಹುಣಿ ಹುಡುಕಿಕೊಂಡು ಬರುತ್ತಾರೆ, ಕ್ರೈಸ್ತರ ತೆನೆಹಬ್ಬ ಮೊಂತಿ ಫೆಸ್ತಿಗೂ. ಅವರ ಎದುರು ನಿನ್ನ ಅಪ್ಪನ ಗತ್ತು ನೋಡಬೇಕು!

ಅಷ್ಟಮಿಯ ವಿಟ್ಲಪಿಂಡಿಗೆ ಬರುತ್ತೀಯಲ್ಲ, ಎರಡು ದಿನ ಜಾಸ್ತಿ ರಜೆ ಹಾಕು. ಬೆಟ್ಟು ಮತ್ತು ಬೈಲು ಬೇರೆ ಮಾಡಲು 11ಇ ನಕ್ಷೆಗೆ ಅರ್ಜಿ ಕೊಡಬೇಕು. ಸರ್ವೆಯವರು ಬರುವ ದಿನ ನೀನೂ ಗದ್ದೆಯಲ್ಲಿ ನಿಂತಿರಬೇಕು. ಆಧಾರ್ ತರಲು ಮರೆಯಬೇಡ.

ನಿನ್ನ ಅಮ್ಮ