ಕ್ವಾಂಟಂ ಸಭೆಯೋ, ಸನ್ಮಾನದ ಸಭೆಯೋ?

ಮಾನ್ಯರೇ,

ಶನಿವಾರದ ಕ್ವಾಂಟಂ ವಿಚಾರ ಸಂಕಿರಣ 'ಯಶಸ್ವಿ' ಅಂತ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ವರದಿಗಾರರು ಉದ್ಘಾಟನೆ ಮುಗಿದ ಕೂಡಲೇ ಊಟಕ್ಕೆ ಎದ್ದಿರಬೇಕು. ನಾನು ಕೊನೆತನಕ ಕೂತಿದ್ದೆ.

ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಬಂದವನು ನಾನು. ಬಂದಿದ್ದು ಒಂದೇ ಉಪನ್ಯಾಸಕ್ಕೆ: ಕ್ಯಾಟಗರಿ ಥಿಯರಿ (ವಸ್ತುಗಳನ್ನು ಅವುಗಳ ನಡುವಿನ ಸಂಬಂಧಗಳ ಮೂಲಕ ನೋಡುವ ಗಣಿತ) ಮತ್ತು ಕ್ವಾಂಟಂ ಪ್ರೋಗ್ರಾಮಿಂಗ್ ಭಾಷೆಗಳು. ಹತ್ತು ಗಂಟೆಗೆ ಬರಬೇಕಿದ್ದ ಮುಖ್ಯ ಅತಿಥಿಗಳ ಸವಾರಿ ಬಂದದ್ದು ಹನ್ನೆರಡಕ್ಕೆ. ದೀಪ, ಹಾರ, ಶಾಲು, ಪೇಟ, ಫೋಟೊ. ಆಮೇಲೆ 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್, ಹೆಸರಘಟ್ಟದ ಕ್ವಾಂಟಂ ಸಿಟಿ ಅಂತ ಭಾಷಣದ ಮೇಲೆ ಭಾಷಣ. ಪಾಪ, ಆ ಉಪನ್ಯಾಸ ಕೊಡಬೇಕಿದ್ದ ಸಂಶೋಧಕಿಗೆ ಉಳಿದದ್ದು ಹತ್ತೇ ನಿಮಿಷ.

ಆಕೆ ಹೇಳಹೊರಟಿದ್ದು ಸಣ್ಣ ವಿಷಯವೇ? ಕ್ಯೂಬಿಟ್ ಅಂದರೆ ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಹಿತಿಯ ಮೂಲ ಘಟಕ. ಕ್ಯೂಬಿಟ್‌ನ ಗೊತ್ತಿಲ್ಲದ ಸ್ಥಿತಿಯನ್ನು ನಕಲು ಮಾಡೋಕೆ ಆಗಲ್ಲ ಅಂತ 1982ರಲ್ಲೇ ಸಾಬೀತಾಗಿದೆ. ಹಾಗಾದರೆ ಪ್ರೋಗ್ರಾಮ್ ಬರೆಯುವವನು ಮೈಮರೆತು ನಕಲು ಮಾಡಹೊರಟರೆ ಹಿಡಿಯೋರು ಯಾರು? ಭಾಷೆಯೇ ಹಿಡಿಯಬೇಕು. ಪೀಟರ್ ಸೆಲಿಂಜರ್ 2004ರಲ್ಲಿ ಅಂಥ ಭಾಷೆಯೊಂದನ್ನು ಕಟ್ಟಿ ತೋರಿಸಿದರು. ಅದೇ ವರ್ಷ ಸಂಶೋಧಕರಾದ ಅಬ್ರಾಮ್‌ಸ್ಕಿ ಮತ್ತು ಕೂಕೆ ಕ್ವಾಂಟಂ ಟೆಲಿಪೋರ್ಟೇಶನ್ನನ್ನು (ಒಂದು ಕ್ಯೂಬಿಟ್ಟಿನ ಸ್ಥಿತಿಯನ್ನು ದೂರದ ಇನ್ನೊಂದಕ್ಕೆ ದಾಟಿಸುವುದು) ಕ್ಯಾಟಗರಿ ಥಿಯರಿಯ ನಿಯಮಗಳಲ್ಲಿ ಹೇಳಿದರು. 2008ರಲ್ಲಿ ಕೂಕೆ ಮತ್ತು ಡಂಕನ್ ಜೆಡ್‌ಎಕ್ಸ್ ಕ್ಯಾಲ್ಕುಲಸ್ ಕೊಟ್ಟರು: ಚುಕ್ಕಿ, ತಂತಿಗಳ ಚಿತ್ರದಲ್ಲೇ ಕ್ವಾಂಟಂ ಲೆಕ್ಕ ಮಾಡುವ ವಿಧಾನ. ಇವತ್ತು ಕ್ವಾಂಟಂ ಸರ್ಕಿಟ್ (ಕ್ಯೂಬಿಟ್ಟುಗಳ ಮೇಲೆ ನಡೆಸುವ ಹಂತಗಳ ಸರಣಿ) ಚಿಕ್ಕದು ಮಾಡೋಕೂ ಅದು ಬಳಕೆಯಲ್ಲಿದೆ. ಆಕೆಯ ಪರದೆಯ ಮೇಲೆ ಎರಡು ಹಸಿರು ಚುಕ್ಕಿ, ಒಂದೊಂದಕ್ಕೂ ಒಂದು ಕೋನ, ನಡುವೆ ಒಂದು ತಂತಿ. ಚುಕ್ಕಿಗಳು ಕೂಡಿ ಒಂದಾದವು, ಅವುಗಳ ಕೋನಗಳ ಮೊತ್ತ ಪಕ್ಕದಲ್ಲಿ ಮೂಡಿತು. ಕೆಂಪು ಚುಕ್ಕಿ ಬರುವಷ್ಟರಲ್ಲಿ ಮೈಕ್ ಬಂದ್. 'ಸಮಯದ ಅಭಾವ' ಅಂತೆ! ಎರಡು ಗಂಟೆ ತಡವಾಗಿ ಬಂದವರಿಗೆ ಇಲ್ಲದ ಅಭಾವ!

ಅಧಿಕಾರಿಯೊಬ್ಬರು ಹೊರಡುವಾಗ 'ಚುಕ್ಕಿ, ಗೆರೆ ಎಲ್ಲಾ ರಂಗೋಲಿ ಥರ ಇದೆ' ಅಂತ ನಕ್ಕರು. ನಗಲಿ ಬಿಡಿ. ಸುತ್ತ ನಿಂತವರೂ ನಕ್ಕರಲ್ಲ, ಅದಕ್ಕೇನು ಹೇಳೋಣ? ಮೆಷಿನ್ ಬಂದರೆ ಸಾಕು, ಅದಕ್ಕೆ ಬರೆದ ಪ್ರೋಗ್ರಾಮಿನ ಅರ್ಥ ಏನು ಅಂತ ಯಾರಿಗೂ ಬೇಡ. ಆ ಅಧಿಕಾರಿಯ ಇಲಾಖೆಯವರಲ್ಲವೇ ನಮ್ಮ ಕಾಲೇಜಿಗೆ ಕಂಪ್ಯೂಟರ್ ಕೊಟ್ಟು, ಕಲಿಸೋಕೆ ಮೇಷ್ಟ್ರನ್ನು ಕೊಡದೇ ಇದ್ದವರು? ಲ್ಯಾಬಿನ ಬೀಗ ತುಕ್ಕು ಹಿಡಿದಿದೆ. ಅತಿಥಿ ಉಪನ್ಯಾಸಕರ ಸಂಬಳದ ಕಡತ ಯಾವ ಮೇಜಿನ ಮೇಲೆ ಮಲಗಿದೆಯೋ ದೇವರಿಗೇ ಗೊತ್ತು. ಹೋದ ವರ್ಷ ಅರ್ಜಿ ಕೊಟ್ಟಾಗಲೂ 'ನೋಡೋಣ' ಅಂದವರೇ ಇವರು. ಇನ್ನೂ ನೋಡ್ತಾನೇ ಇದ್ದಾರೆ.

ಆ ಉಪನ್ಯಾಸವನ್ನು ಮತ್ತೆ ಪೂರ್ತಿ ಏರ್ಪಡಿಸಲಿ. ಆಗದಿದ್ದರೆ ಆಹ್ವಾನ ಪತ್ರಿಕೆಯಲ್ಲಿ 'ಸನ್ಮಾನ ಸಮಾರಂಭ' ಅಂತಲೇ ಅಚ್ಚು ಹಾಕಿಸಲಿ, ನಾವು ಮನೆಯಲ್ಲೇ ಇರ್ತೀವಿ. ಸಂಬಂಧಪಟ್ಟವರು ಕ್ರಮ ಕೈಗೊಳ್ಳಲಿ. ಸಂಬಂಧವೇ ಇಲ್ಲದವರು ವೇದಿಕೆ ಬಿಟ್ಟು ಇಳಿಯಲಿ. ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ?

– ಒಬ್ಬ ಗಣಿತ ಮೇಷ್ಟ್ರು, ತುಮಕೂರು