ಪಶ್ಚಿಮಕ್ಕೆ: ಸಮುದ್ರ

ಪ್ರೀತಿಯ ಪುಟ್ಟಿ,

ಮೆಕ್ಸಿಕೊದ ಕಡಲ ಬದಿಯಲ್ಲಿ ನೀನು ಕೊಳ್ಳಬೇಕೆಂದಿರುವ ಮನೆಯ ವಿಡಿಯೊ ನೋಡಿದೆವು. ಅಮ್ಮ ಅಡುಗೆಮನೆಯ ನೀಲಿ ಬಿಲ್ಲೆಗಳ ಗೋಡೆ ನೋಡಿ ಖುಷಿಪಟ್ಟಳು, ಪಕ್ಕದ ಮನೆಯವರನ್ನೂ ಕರೆದು ತೋರಿಸಿದಳು. ನನ್ನ ಕಣ್ಣು ಹೋದದ್ದು ಹಿತ್ತಲಿನ ತೆಂಗಿನ ಮರದ ಮೇಲೆ. ಸಮುದ್ರದ ಕಡೆ ಅದರ ಬೇರು ಹೊರಗೆ ಕಾಣುತ್ತಿದೆ. ಬುಡದ ಮಣ್ಣು ಮೊಣಕಾಲೆತ್ತರದಷ್ಟು ಹೋಗಿದೆ. ಫೋನಿನಲ್ಲಿ ಅದನ್ನೇ ಹೇಳಲು ಹೊರಟಿದ್ದೆ. ದನಿ ಏರಿತು, ನೀನು ಫೋನ್ ಇಟ್ಟೆ. ಅಲ್ಲಿಂದ ಈಚೆಗೆ ಅಮ್ಮನಿಗೆ ಮಾತ್ರ ಮೆಸೇಜ್ ಬರುತ್ತಿದೆ.

ದನಿ ಏರಿಸಿದ್ದಕ್ಕೆ ಬೇಸರವಿದೆ. ಹೇಳಿದ ಮಾತಿನ ಬಗ್ಗೆ ಬೇಸರವಿಲ್ಲ. ಕಾಗದದ ಮೇಲಾದರೆ ನನಗೆ ಸಮಾಧಾನದಿಂದ ಹೇಳಲು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. 

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಕುಂದಾಪುರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕುಳಿತು ಜೀವಮಾನವಿಡೀ ಬೇರೆಯವರ ಜಾಗದ ದಸ್ತಾವೇಜು ಬರೆದವನು ನಾನು. ನಮ್ಮ ಮನೆತನದಲ್ಲಿ ಒಬ್ಬ ಹೆಣ್ಣುಮಗಳು ತನ್ನದೇ ದುಡಿಮೆಯಲ್ಲಿ, ತನ್ನ ಹೆಸರಿಗೆ ಮನೆ ಕೊಳ್ಳಲು ಹೊರಟಿರುವುದು ಇದೇ ಮೊದಲು. ಗ್ವಾದಲಹಾರಾದ ಆಫೀಸಿನಲ್ಲಿ ಸ್ಪ್ಯಾನಿಷ್ ಕಲಿತು, ಆ ಊರಿನವರ ನಡುವೆ ನಿಂತು ನೀನು ಇದನ್ನು ಮಾಡಿದ್ದೀಯ. ಹೆಮ್ಮೆ ಎಷ್ಟಿದೆ ಎಂದು ನಿನಗೆ ಅಮ್ಮ ಹೇಳಿರಬಹುದು. ನಾನು ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

ಆ ಮನೆಯಿರುವ ಬಾರ್ರಾ ದೆ ನವಿದಾದ್ ಊರನ್ನು ನಕ್ಷೆಯಲ್ಲಿ ತೆಗೆದು ನೋಡಿದೆ. ಪೂರ್ವಕ್ಕೆ ಹಿನ್ನೀರು, ಪಶ್ಚಿಮಕ್ಕೆ ಶಾಂತಸಾಗರ, ನಡುವೆ ಮರಳಿನ ಒಂದು ಪಟ್ಟಿ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ರಸ್ತೆ ಇರುವ ನಮ್ಮ ಮರವಂತೆಯೇ ಅದು. ನೀನು ಆ ಊರನ್ನು ಯಾಕೆ ಮೆಚ್ಚಿದೆ ಎಂದು ನಕ್ಷೆ ನೋಡಿದ ಕೂಡಲೇ ತಿಳಿಯಿತು. ನಾನು ಹೆದರಿದ್ದೂ ಅದೇ ನಕ್ಷೆ ನೋಡಿ.

ನಿನ್ನ ದೊಡ್ಡತ್ತೆಯ ಮನೆ ನಿನಗೆ ಕಥೆಯಾಗಿ ಮಾತ್ರ ಗೊತ್ತು. ಅವಳ ಜಾಗದ ದಸ್ತಾವೇಜು ಬರೆದದ್ದು ನಾನೇ. ಚಕ್ಕುಬಂದಿಯಲ್ಲಿ ಉತ್ತರಕ್ಕೆ ಇಂಥವರ ತೋಟ, ದಕ್ಷಿಣಕ್ಕೆ ಓಣಿ, ಪೂರ್ವಕ್ಕೆ ರಸ್ತೆ ಎಂದು ಬರೆದು, ಕೊನೆಯಲ್ಲಿ 'ಪಶ್ಚಿಮಕ್ಕೆ: ಸಮುದ್ರ' ಎಂದು ಬರೆದೆ. ಆಗ ಮನೆಗೂ ಸಮುದ್ರಕ್ಕೂ ನಡುವೆ ತೆಂಗಿನ ತೋಟವಿತ್ತು, ತೋಟದಾಚೆ ಬಲೆ ಒಣಹಾಕುವ ಬಯಲಿತ್ತು, ಬಯಲಿನಾಚೆ ಮರಳು. ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಹೋಗುತ್ತಿತ್ತು, ಬೇಸಿಗೆಯಲ್ಲಿ ಸಮುದ್ರ ಮರಳನ್ನು ತಂದು ಹಾಕುತ್ತಿತ್ತು. ಹೋದದ್ದಕ್ಕಿಂತ ಬಂದದ್ದು ಕಡಿಮೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಮೊದಲು ಬಯಲು ಹೋಯಿತು. ಆಮೇಲೆ ಒಂದು ಆಷಾಢದಲ್ಲಿ ತೆಂಗಿನ ಮುಂದಿನ ಸಾಲಿನ ಬೇರು ಕಂಡಿತು. ಭಾವ, 'ಇದು ಪ್ರತಿ ವರ್ಷ ಇದ್ದದ್ದೇ, ಕಲ್ಲು ಹಾಕಿಸಿದರಾಯಿತು' ಎಂದರು. ಕಲ್ಲು ಹಾಕಿಸಿದರು. ಕಲ್ಲು ಮರಳಿನೊಳಗೆ ಇಳಿದು ಕಾಣದಾಯಿತು.

ಬಾವಿಯ ನೀರು ಉಪ್ಪಾದದ್ದು ಮನೆ ಬೀಳುವ ಎಷ್ಟೋ ಮೊದಲು. ಅಕ್ಕ ರಸ್ತೆಯಾಚೆಯಿಂದ ನೀರು ಹೊರುತ್ತಿದ್ದಳು, ಮನೆ ಬಿಡುವ ಮಾತು ಮಾತ್ರ ಆಡುತ್ತಿರಲಿಲ್ಲ. ಸಮುದ್ರ ಮನೆಗೇ ಬಂದ ರಾತ್ರಿ ನಾವು ಹೋಗಿ ಬಾಗಿಲು, ದಾರಂದ, ಮಾಡಿನ ಹೆಂಚು, ಹಾಸಿಗೆ ಎಲ್ಲ ಬಿಚ್ಚಿ ರಸ್ತೆಗೆ ಸಾಗಿಸಿದೆವು. ದೇವರ ಕೋಣೆಯ ಗೋಡೆ ಬಿದ್ದದ್ದು ನಸುಕಿನಲ್ಲಿ. ನೀರು ಇಳಿದ ಮೇಲೆ ನೋಡಿದರೆ ಸುತ್ತಲಿನ ನೆಲವೆಲ್ಲ ಕೊಚ್ಚಿಹೋಗಿ, ಬಾವಿಯ ಮುರಕಲ್ಲಿನ ಕಟ್ಟು ಮರಳಿನ ಮೇಲೆ ಆಳೆತ್ತರಕ್ಕೆ ಗೋಪುರದ ಹಾಗೆ ನಿಂತಿತ್ತು. ನೆಲದೊಳಗೆ ಇರಬೇಕಾದದ್ದು ಹೊರಗೆ ನಿಂತಿತ್ತು. ಅಕ್ಕನ ಟ್ರಂಕಿನಲ್ಲಿ ನಾನು ಬರೆದ ಪತ್ರ ಭದ್ರವಾಗಿತ್ತು. ಸರ್ವೆ ನಂಬರು ಸರಿ, ಸಹಿ ಸರಿ, ಮೊಹರು ಸರಿ. ಅದರಲ್ಲಿ ಹೇಳಿದ ಜಾಗ ಇರಲಿಲ್ಲ.

ಇಷ್ಟು ಉದ್ದಕ್ಕೆ ಬರೆಯಬೇಕೆಂದು ಕುಳಿತವನಲ್ಲ. ಆದರೆ ಆ ಬಾವಿ ನೆನಪಾದರೆ ನನಗೆ ಬೇರೆ ಮಾತು ಬರುವುದಿಲ್ಲ. ಉತ್ತರ, ದಕ್ಷಿಣ, ಪೂರ್ವದ ಗಡಿ ತಪ್ಪಿದರೆ ಸರ್ವೆಯವರನ್ನು ಕರೆದು ಸರಪಳಿ ಎಳೆಸಬಹುದು, ಕೋರ್ಟಿಗೆ ಹೋಗಬಹುದು. ಪಶ್ಚಿಮದವನ ಮೇಲೆ ದಾವೆ ಹಾಕಲು ಆಗುವುದಿಲ್ಲ ಪುಟ್ಟಿ.

ನಿನ್ನ ಕಡಲು ನಮ್ಮದಕ್ಕಿಂತ ಒರಟು. 2015ರ ಅಕ್ಟೋಬರ್ 23ರಂದು ಪ್ಯಾಟ್ರಿಸಿಯಾ ಚಂಡಮಾರುತ ನೆಲಕ್ಕೆ ಬಂದದ್ದು ನಿನ್ನ ಊರಿಗೆ ಉತ್ತರದಲ್ಲಿರುವ ಕ್ವಿಹ್ಮಾಲಾ ಬಳಿ. ಸಮುದ್ರದಲ್ಲಿದ್ದಾಗ ಅದರ ಗಾಳಿಯ ವೇಗ ಗಂಟೆಗೆ ಸುಮಾರು 345 ಕಿಲೋಮೀಟರಿಗೆ ಮುಟ್ಟಿತ್ತು. ಅದಕ್ಕೂ ಮುಂಚೆ, 1995ರ ಅಕ್ಟೋಬರ್ 9ರಂದು, 8ರಷ್ಟು ತೀವ್ರತೆಯ ಭೂಕಂಪಕ್ಕೆ ಹತ್ತಿರದ ಮನ್ಸನೀಯೊದಲ್ಲಿ ಒಂದು ಹೋಟೆಲ್ ಕಟ್ಟಡವೇ ಕುಸಿಯಿತು. ಹಿಂದೆಯೇ ಸುನಾಮಿ ಬಂದು ಬಾರ್ರಾ, ಮೆಲಾಕೆಯ ಕಡೆ ನೀರು ನುಗ್ಗಿತು. 2023ರ ಅಕ್ಟೋಬರ್ 25ರಂದು ಅಕಾಪುಲ್ಕೊಗೆ ಅಪ್ಪಳಿಸಿದ ಓಟಿಸ್ ಇನ್ನೂ ಕೆಟ್ಟದ್ದು. ಒಂದೇ ದಿನದೊಳಗೆ ಸಾಧಾರಣ ಬಿರುಗಾಳಿಯಿಂದ ಐದನೇ ದರ್ಜೆಗೆ ಏರಿತು, ಜನರಿಗೆ ಸಿದ್ಧರಾಗಲು ಹೊತ್ತೇ ಸಿಗಲಿಲ್ಲ. ಮೂರೂ ಅಕ್ಟೋಬರಿನಲ್ಲಿ ಬಂದವು ನೋಡು. ನೀನು ಆ ಮನೆ ನೋಡಿದ್ದು ಫೆಬ್ರವರಿಯಲ್ಲಿ. ಕೆನಡಾದವರು ಚಳಿ ತಪ್ಪಿಸಿಕೊಂಡು ಬರುವ ತಿಂಗಳು ಅದು. ಆಕಾಶ ನಿರ್ಮಲ, ಊರೆಲ್ಲ ಜಾತ್ರೆ. ಆ ಹೊತ್ತಿನಲ್ಲಿ ಯಾವ ಕಡಲೂರಾದರೂ ಚೆಂದವೇ ಕಾಣುತ್ತದೆ.

ಇನ್ನು ಕಾಗದದ ವಿಷಯ. ಇಲ್ಲಿ ನಾನು ಸ್ವಲ್ಪ ಮೇಷ್ಟರ ಹಾಗೆ ಮಾತಾಡುತ್ತೇನೆ, ತಡೆದುಕೋ.

ಮೆಕ್ಸಿಕೊದ 1917ರ ಸಂವಿಧಾನದ 27ನೇ ವಿಧಿಯಂತೆ ಕರಾವಳಿಯಿಂದ 50 ಕಿಲೋಮೀಟರಿನೊಳಗೆ ವಿದೇಶೀಯರು ನೇರವಾಗಿ ಭೂಮಿಯ ಒಡೆಯರಾಗುವಂತಿಲ್ಲ. ಬ್ಯಾಂಕಿನ ಹೆಸರಲ್ಲಿ ಫಿದೆಯ್ಕೊಮಿಸೊ ಎಂಬ ಟ್ರಸ್ಟ್ ಮಾಡಬೇಕು. ಒಡೆತನದ ಪತ್ರ ಬ್ಯಾಂಕಿನದು, ಅನುಭೋಗದ ಹಕ್ಕು ನಿನ್ನದು: ವಾಸ ಮಾಡಬಹುದು, ಬಾಡಿಗೆಗೆ ಕೊಡಬಹುದು, ಮಾರಬಹುದು, ನಿನ್ನ ನಂತರ ಯಾರಿಗೆ ಎಂದು ಬರೆಸಬಹುದು. ಅವಧಿ 50 ವರ್ಷ, ಮತ್ತೆ ನವೀಕರಿಸಬಹುದು. ಪ್ರತಿ ವರ್ಷ ಬ್ಯಾಂಕಿಗೆ ಶುಲ್ಕ ಕಟ್ಟಬೇಕು. ಇದು ಮೋಸವೆಂದು ಮೊದಲು ನಾನು ಅಂದುಕೊಂಡಿದ್ದೆ, ಓದಿದ ಮೇಲೆ ಹಾಗನ್ನಿಸಲಿಲ್ಲ. ನಿನ್ನ ಏಜೆಂಟ್ ಇದೆಲ್ಲ ಯಾಕೆ, ಇಲ್ಲಿಯವರೊಬ್ಬರ ಹೆಸರಿಗೆ ಮಾಡಿಸಿ ಒಳಗೊಂದು ಕರಾರು ಬರೆದುಕೊಂಡರೆ ಸಾಕು ಎಂದನಂತೆ. ಅಮ್ಮ ಹೇಳಿದಳು. ಆ ಮಾತು ಹೇಳಿದವನ ಹತ್ತಿರ ಇನ್ನೊಂದು ಕಾಗದಕ್ಕೂ ಸಹಿ ಹಾಕಬೇಡ. ಬೇನಾಮಿ ವ್ಯವಹಾರದಲ್ಲಿ ಅಣ್ಣತಮ್ಮಂದಿರೇ ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಎರಡನೆಯದು ಎಹಿದೊ. ಅಲ್ಲಿನ ಕ್ರಾಂತಿಯ ನಂತರ ಜಮೀನ್ದಾರರ ಭೂಮಿ ಬಿಡಿಸಿ ರೈತ ಸಮುದಾಯಗಳಿಗೆ ಹಂಚಿದ ನೆಲ ಅದು. 1992ರಲ್ಲಿ ಕಾನೂನು ಬದಲಾಗಿ, ಎಹಿದೊದ ಸಭೆಯ ಒಪ್ಪಿಗೆ ಪಡೆದು ಅದನ್ನು ಪೂರ್ಣ ಖಾಸಗಿ ಒಡೆತನಕ್ಕೆ ತರಲು ದಾರಿಯಾಯಿತು. ಆ ದಾರಿ ಮುಗಿಯುವ ತನಕ ವಿದೇಶೀಯರಿಗೆ ಅದನ್ನು ಕೊಳ್ಳುವ ಹಕ್ಕಿಲ್ಲ. ಕಡಿಮೆ ಬೆಲೆಗೆ ಸಮುದ್ರದ ಎದುರಿನ ಜಾಗ ಸಿಗುತ್ತಿದೆ ಎಂದರೆ ಮೊದಲು ಕೇಳಬೇಕಾದದ್ದು ಇದು. ನಮ್ಮಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಅಗ್ಗಕ್ಕೆ ಕೊಂಡು ಮನೆ ಕಟ್ಟಿದವರು, 1978ರ ಕಾಯ್ದೆಯಡಿ ಅದು ಮೂಲ ಕುಟುಂಬಕ್ಕೆ ಮರಳಿದಾಗ ನನ್ನ ಮೇಜಿನ ಮುಂದೆ ಬಂದು ಕುಳಿತದ್ದಿದೆ. ಕಾನೂನು ಸರಿಯಾಗಿಯೇ ಇತ್ತು, ಅವರು ಮೂಲ ನೋಡಿರಲಿಲ್ಲ. ಮೆಕ್ಸಿಕೊದ ಪುಂತಾ ಬಾಂದಾದಲ್ಲಿ ಅಮೆರಿಕನ್ನರು ಎಹಿದೊ ನೆಲವೆಂದು ಗುತ್ತಿಗೆಗೆ ಪಡೆದು ಮನೆ ಕಟ್ಟಿದ್ದರು. ಆ ಭೂಮಿ ಬೇರೆಯವರದೆಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿ 2000ದಲ್ಲಿ ಅವರೆಲ್ಲ ಮನೆ ಬಿಟ್ಟು ಹೊರಡಬೇಕಾಯಿತು.

ಆದ್ದರಿಂದ ನೋಟಾರಿಯೊ ಹತ್ತಿರ ನೀನೇ ಹೋಗು. ಅಲ್ಲಿ ಆತ ಸರ್ಕಾರ ನೇಮಿಸಿದ ಅನುಭವಿ ವಕೀಲ, ಎಸ್ಕ್ರಿತೂರಾ ಎಂಬ ಕ್ರಯಪತ್ರ ತಯಾರಿಸಿ ತೆರಿಗೆ ಲೆಕ್ಕ ಹಾಕುವವನೂ ಅವನೇ. ಆದರೂ ಅವನು ನಿನ್ನ ಕಡೆಯ ವಕೀಲನಲ್ಲ, ನಿನಗೆ ಬೇರೆ ವಕೀಲರು ಬೇಕು. ನಮ್ಮ ಇ.ಸಿ. ಇದ್ದ ಹಾಗೆ ಅಲ್ಲಿಯೂ ಋಣಭಾರವಿಲ್ಲವೆಂಬ ಪ್ರಮಾಣಪತ್ರ ಕೊಡುತ್ತಾರೆ. ಹೊಸದನ್ನು ತೆಗೆಸು, ಮಾರುವವರು ಕೊಟ್ಟ ಹಳೆಯದನ್ನು ನಂಬಬೇಡ. ಪತ್ರದಲ್ಲಿ ಬೆಲೆ ಕಡಿಮೆ ತೋರಿಸೋಣ ಎಂದರೆ ಒಪ್ಪಬೇಡ. ನಾಳೆ ನೀನು ಮಾರುವಾಗ ಆ ಕಡಿಮೆ ಬೆಲೆಯ ಮೇಲೆ ಲಾಭ ಲೆಕ್ಕ ಹಾಕಿ ನಿನ್ನಿಂದಲೇ ತೆರಿಗೆ ವಸೂಲು ಮಾಡುತ್ತಾರೆ.

ಮೂರನೆಯದು ಮತ್ತೆ ಪಶ್ಚಿಮದ ಗಡಿ. ಭರತದ ಗೆರೆಯಿಂದ ಒಳಕ್ಕೆ 20 ಮೀಟರ್ ಅಲ್ಲಿನ ಕೇಂದ್ರ ಸರ್ಕಾರದ್ದು. ಪರವಾನಗಿ ಪಡೆದು ಬಳಸಬಹುದೇ ಹೊರತು ಕೊಳ್ಳಲಾಗದು. ನಮ್ಮಲ್ಲಿ ಜಮೀನಿಗೆ ತಾಗಿದ ಸರ್ಕಾರಿ ಕುಮ್ಕಿ ಜಾಗದಲ್ಲಿ ಸೊಪ್ಪು ಕಡಿಯಬಹುದು, ಒಡೆಯರಾಗುವಂತಿಲ್ಲ, ಹಾಗೆಯೇ. ನಿನ್ನ ವಿಡಿಯೊದಲ್ಲಿ ಕಟ್ಟೆಯೂ ಮರವೂ ಆ 20 ಮೀಟರಿನೊಳಗೇ ಇರುವ ಹಾಗೆ ಕಾಣುತ್ತದೆ. ಈಗಿನ ಭರತದಿಂದ ಅಳತೆ ಮಾಡಿಸು. ಸಮುದ್ರ ಇನ್ನೂ ಒಳಗೆ ಬಂದರೆ ಆ ಗೆರೆ ಎಲ್ಲಿ ನಿಲ್ಲುತ್ತದೆ ಎಂದು ನೋಟಾರಿಯೊನಿಂದ ಬರಹದಲ್ಲಿ ಪಡೆ.

ಖರ್ಚಿನ ಮಾತು ನಿನಗೇ ಗೊತ್ತು. ನಿನ್ನ ಸಂಬಳ ಪೆಸೊ, ಆ ಮನೆಯ ಬೆಲೆ ಹೇಳಿರುವುದು ಡಾಲರಿನಲ್ಲಿ. ವರ್ಷದ ಮನೆತೆರಿಗೆ ಕಡಿಮೆ ಎಂದು ನೀನು ಹೇಳಿದ್ದು ನಿಜ. ಆದರೆ ಉಪ್ಪುಗಾಳಿಗೆ ಕಿಟಕಿಯ ಸರಳು, ಫ್ರಿಜ್ಜು, ಎ.ಸಿ. ಯಾವುದೂ ಬಾಳುವುದಿಲ್ಲ, ಮುಚ್ಚಿಟ್ಟ ಮನೆಯಂತೂ ಬೇಗ ಹಾಳು. ನೀನು ಗ್ವಾದಲಹಾರಾದಲ್ಲಿರುವಾಗ ನೋಡಿಕೊಳ್ಳುವವರು ಬೇಕು. ಊರಿನ ಪಕ್ಕದ ಕೊಲಿಮಾ ರಾಜ್ಯ ಕೊಲೆಗಳ ಲೆಕ್ಕದಲ್ಲಿ ಆ ದೇಶದಲ್ಲೇ ಮುಂದಿರುವ ರಾಜ್ಯಗಳಲ್ಲೊಂದು. ನೀನು, 'ಪತ್ರಿಕೆ ಓದಿ ಹೆದರಬೇಡ ಅಪ್ಪ' ಎನ್ನುತ್ತೀಯ. ರಾತ್ರಿ ಮನ್ಸನೀಯೊ ರಸ್ತೆಯಲ್ಲಿ ಒಬ್ಬಳೇ ಗಾಡಿ ಓಡಿಸುವುದಿಲ್ಲ ಎಂದು ಮಾತು ಕೊಡು, ಮತ್ತೆ ಈ ವಿಷಯ ಎತ್ತುವುದಿಲ್ಲ.

ಬೇಡ ಎನ್ನುವುದಕ್ಕೇ ಇಷ್ಟೆಲ್ಲ ಬರೆದೆ ಎಂದು ತಿಳಿಯಬೇಡ. 1564ರ ನವೆಂಬರಿನಲ್ಲಿ ಸ್ಪೇನಿನ ಲೆಗಾಸ್ಪಿಯ ಹಡಗುಗಳು ಫಿಲಿಪ್ಪೀನ್ಸಿಗೆ ಹೊರಟದ್ದು ಆ ನಿನ್ನ ಬಾರ್ರಾದಿಂದಲೇ. ಆಮೇಲೆ ಹೋಗಿಬರುತ್ತಿದ್ದ ಹಡಗುಗಳಲ್ಲಿ ಫಿಲಿಪ್ಪೀನ್ಸಿನಿಂದ ತೆಂಗು ಬಂತು, ಮರ ಹತ್ತಿ ಕಳ್ಳು ಇಳಿಸುವ ಜನರೂ ಬಂದರು. ಕೊಲಿಮಾದಲ್ಲಿ ಈಗಲೂ ಅದನ್ನು ತೂಬಾ ಎಂದು ಬೀದಿಯಲ್ಲಿ ಮಾರುತ್ತಾರಂತೆ. ಇದನ್ನು ಓದಿದ ಮೇಲೆ ಆ ಊರು ನನಗೂ ಹಿಡಿಸಿತು. ಕಡಲು ನೋಡಿ ಬೆಳೆದವಳು ನೀನು, ವರ್ಷಕ್ಕೆ ಏಳು ತಿಂಗಳು ಮಳೆಯಿಲ್ಲದೆ ಒಣಗುವ ಗ್ವಾದಲಹಾರಾದಲ್ಲಿ ಕುಳಿತು ಅಲೆಯ ಸದ್ದು ಬೇಕೆನಿಸಿದರೆ ಅದು ಹುಚ್ಚಲ್ಲ.

ನಾನು ಕೇಳುವುದು ಇಷ್ಟೇ. ಈ ಜೂನ್‌ನಿಂದ ಅಕ್ಟೋಬರ್ ತನಕ ಅದೇ ಓಣಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿ. ವಾರದ ಕೊನೆಗೆ ಹೋಗು. ಹುಣ್ಣಿಮೆ, ಅಮಾವಾಸ್ಯೆಯ ಭರತ ನೋಡು. ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ನೋಡು. ಹಿನ್ನೀರಿನಲ್ಲಿ ಬಲೆ ಹಾಕುವ ಮುದುಕರನ್ನು ಕೇಳು, ಅವರ ಚಿಕ್ಕಂದಿನಲ್ಲಿ ಮರಳು ಎಲ್ಲಿಯ ತನಕ ಇತ್ತು ಎಂದು. ಆ ಮನೆ ಮಾರುವವರು ಯಾಕೆ ಮಾರುತ್ತಿದ್ದಾರೆ ಎಂದೂ ಅವರಿಗೆ ಗೊತ್ತಿರುತ್ತದೆ. ಅಷ್ಟಾದ ಮೇಲೂ ನಿನಗೆ ಬೇಕೆನಿಸಿದರೆ ಕೊಳ್ಳು. ಸಾಧ್ಯವಾದರೆ ಹಿನ್ನೀರಿನ ಬದಿಯದೋ, ರಸ್ತೆಯಾಚೆ ಎತ್ತರದಲ್ಲಿ ಇರುವುದೋ ನೋಡು. ಅಲೆಯ ಸದ್ದು ಅಲ್ಲಿಗೂ ಕೇಳುತ್ತದೆ.

ಅಮ್ಮ ಪಾಸ್‌ಪೋರ್ಟ್ ನವೀಕರಣಕ್ಕೆ ಅರ್ಜಿ ಹಾಕಿದ್ದಾಳೆ, ಗೃಹಪ್ರವೇಶಕ್ಕೆ ಬರುವುದು ಖಂಡಿತ ಎನ್ನುತ್ತಾಳೆ. ಎಸ್ಕ್ರಿತೂರಾದ ಕರಡು, ಅಳತೆಯ ನಕ್ಷೆ, ಹಳೆಯ ಪತ್ರಗಳು ಏನಿದ್ದರೂ ಫೋಟೊ ತೆಗೆದು ನನಗೆ ಕಳಿಸು. ಸ್ಪ್ಯಾನಿಷ್ ನನಗೆ ಬಾರದು, ಫೋನಿನಲ್ಲಿ ಅನುವಾದ ಮಾಡಿಕೊಂಡು ಓದುತ್ತೇನೆ. ಚಕ್ಕುಬಂದಿ ಯಾವ ಭಾಷೆಯಲ್ಲಿದ್ದರೂ ನಾಲ್ಕೇ ದಿಕ್ಕು. ಮುಂಗಡ ಕೊಟ್ಟಾಗಿದ್ದರೆ ಎಷ್ಟು, ಯಾರ ಖಾತೆಗೆ, ರಸೀದಿ ಇದೆಯೇ ಎಂದು ಮೊದಲು ತಿಳಿಸು. ಬಯ್ಯುವುದಿಲ್ಲ.

ನಿನ್ನ
ಅಪ್ಪ