ತುಂಗೆಯ ದಡದ ಸಣ್ಣ ಊರುಗಳ ಕೊಳಚೆ: ಪೌರಾಡಳಿತ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ರಾಜ್ಯದ 17 ಕಡೆ ನದಿ ನೀರು ಕೆಟ್ಟಿದೆ ಎಂದು ಪಟ್ಟಿ ಮಾಡಿತು. ಶಿವಮೊಗ್ಗದಿಂದ, ಭದ್ರೆ ಬಂದು ಸೇರುವ ಕೂಡಲಿವರೆಗಿನ ತುಂಗೆಯೂ ಅದರಲ್ಲಿತ್ತು. ಹಾಗಾಗಿ ಚರ್ಚೆಯೆಲ್ಲ ಶಿವಮೊಗ್ಗದ ಬಗ್ಗೆಯೇ ನಡೆಯುತ್ತದೆ. ನಾನು ಬರೆಯುತ್ತಿರುವುದು ಅದಕ್ಕೂ ಮೇಲಿನ ಶೃಂಗೇರಿ, ತೀರ್ಥಹಳ್ಳಿಯಂಥ ಊರುಗಳಿಗಾಗಿ.

ಮಲೆನಾಡಿನ ಸಣ್ಣ ಪೇಟೆಗಳಲ್ಲಿ ಕಕ್ಕಸಿನ ನೀರು ಮನೆ ಹಿಂದಿನ ಗುಂಡಿಗೆ ಹೋಗುತ್ತದೆ. ಬಚ್ಚಲು, ಅಡುಗೆಮನೆಯ ನೀರು ಸೀದಾ ರಸ್ತೆ ಚರಂಡಿಗೆ. ಮಳೆಗೆ ಗುಂಡಿ ಉಕ್ಕಿದರೆ ಅದೂ ಚರಂಡಿಗೇ. ಚರಂಡಿ ಹಳ್ಳಕ್ಕಿಳಿಯುತ್ತದೆ, ಹಳ್ಳ ಹೊಳೆಗೆ. ಗುಂಡಿ ತುಂಬಿದಾಗ ಸಕ್ಕಿಂಗ್ ಗಾಡಿ ಬರುತ್ತದೆ. ಅದು ಎಲ್ಲಿ ಹೋಗಿ ಖಾಲಿಯಾಗುತ್ತದೆ ಎಂದು ಕೇಳುವವರು ಕಡಿಮೆ.

15,000 ಜನರ ಊರು ಅಂದುಕೊಳ್ಳಿ. ಸರ್ಕಾರಿ ಲೆಕ್ಕದಂತೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟರೆ, ಅದರಲ್ಲಿ ಶೇ 80 ಕೊಳಚೆಯಾಗುತ್ತದೆ. ದಿನಕ್ಕೆ 16 ಲಕ್ಷ ಲೀಟರ್! ಮಳೆಗಾಲದಲ್ಲಿ ಹೊಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಏಪ್ರಿಲ್‌ನಲ್ಲಿ ಬಂಡೆಗಳು ಮೇಲೆದ್ದಾಗ ಏನು ಮಾಡೋದು? ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಶೃಂಗೇರಿಯ ಮೆಟ್ಟಿಲ ಬಳಿಯ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನುಗಳು ಉಸಿರಾಡುವುದು ಅದೇ ಆಮ್ಲಜನಕದಿಂದ.

ಇದಕ್ಕೆ ಇಲಾಖೆಗೆ ತಕ್ಷಣ ಹೊಳೆಯುವ ಉತ್ತರ ಯುಜಿಡಿ, ಅಂದರೆ ಊರಿಡೀ ನೆಲದಡಿಯ ಒಳಚರಂಡಿ. ದಯವಿಟ್ಟು ಸ್ವಲ್ಪ ನಿಧಾನಿಸಿ. ನಮ್ಮದು ಏರಿಳಿತದ ನೆಲ. ತಗ್ಗಿನ ಮನೆಗಳ ಕೊಳಚೆಯನ್ನು ಪಂಪ್ ಮಾಡಿಯೇ ಮೇಲೆತ್ತಬೇಕು. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಕೊಳಚೆ ಬಂದು ಸೇರುವ ಬಾವಿ (ವೆಟ್‌ವೆಲ್) ಉಕ್ಕುತ್ತದೆ. ಆಗ ಇಡೀ ಊರಿನ ಕೊಳಚೆ ಒಂದೇ ಜಾಗದಿಂದ ಹೊಳೆಗೆ ಬೀಳುತ್ತದೆ. ಗುಂಡಿಗಳಿದ್ದಾಗಿನದಕ್ಕಿಂತ ಜಾಸ್ತಿ ಹಾನಿ, ಅಲ್ವಾ?

ದೊಡ್ಡ ಯೋಜನೆ ಬರುವ ತನಕ ಕಾಯಬೇಕಾಗಿಯೂ ಇಲ್ಲ. ದೇವನಹಳ್ಳಿಯಲ್ಲಿ 2015ರಿಂದಲೇ ಮಲದ ಹೂಳು ಸಂಸ್ಕರಿಸುವ ಘಟಕವಿದೆ. ಗಾಡಿ ತಂದ ಹೂಳನ್ನು ಅಲ್ಲಿ ಒಣಹಾಸಿನ ಮೇಲೆ ಒಣಗಿಸಿ ಗೊಬ್ಬರ ಮಾಡುತ್ತಾರೆ. ಇಳಿಜಾರನ್ನೇ ಬಳಸುವುದರಿಂದ ಕರೆಂಟಿನ ಹಂಗು ಕಡಿಮೆ. ನಮ್ಮ ಮಳೆಗೆ ಹಾಸುಗಳ ಮೇಲೆ ಮಾಡು ಬೇಕಾಗುತ್ತದೆ, ಅಷ್ಟೇ. ಇನ್ನು ಚರಂಡಿ ನೀರನ್ನು ಹೊಳೆಗೆ ಸೇರುವ ಮೊದಲೇ ತಡೆದು, ಜಲ್ಲಿ ಮತ್ತು ಗಿಡಗಳ ಹಾಸಿನಲ್ಲಿ ಹಾಯಿಸಬಹುದು. ಎರಡು ಮೂರು ಸಣ್ಣ ಊರುಗಳಿಗೆ ಒಂದೇ ಹೂಳು ಘಟಕ ಸಾಕಾಗಬಹುದು.

ದುಡ್ಡಿಗೂ ದಾರಿ ಇದೆ. ಕೇಂದ್ರದ 2021ರ ಸ್ವಚ್ಛ ಭಾರತ್ 2.0 ಯೋಜನೆ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಬಳಸಿದ ನೀರಿಗೆಂದೇ ಹಣ ಇಟ್ಟಿತು. ಆದರೆ ಕಟ್ಟಲು ಸಿಗುವ ಹಣ ನಡೆಸಲು ಸಿಗುವುದಿಲ್ಲ. ಪಟ್ಟಣ ಪಂಚಾಯಿತಿಯ ತೆರಿಗೆಯಲ್ಲಿ ಆಪರೇಟರ್ ಸಂಬಳ, ರಿಪೇರಿ, ನೀರಿನ ಪರೀಕ್ಷೆ ಎಲ್ಲ ಹೇಗೆ ಸಾಗಬೇಕು? ನನ್ನ ಮುಖ್ಯ ಬೇಡಿಕೆ ಇದೇ: ಟೆಂಡರ್ ಕರೆಯುವಾಗಲೇ ಹತ್ತು ವರ್ಷ ನಡೆಸುವ ಖರ್ಚನ್ನೂ ಸೇರಿಸಿ. ಅದಕ್ಕೆ ರಾಜ್ಯವೇ ಹೊಣೆ ಹೊರಲಿ.

2024ರ ನವೆಂಬರ್‌ನಲ್ಲಿ ತುಂಗಭದ್ರೆಯ ನೀರು ಉಳಿಯಲಿ ಎಂದು ಜನ ಶೃಂಗೇರಿಯಿಂದ ಪಾದಯಾತ್ರೆ ಹೊರಟರು. ಅವರಿಗೆ ಭರವಸೆಗಿಂತ ಅಂಕಿ ಬೇಕು. ನೀರಿನಲ್ಲಿರುವ ಕೊಳಚೆ ಕೊಳೆಯಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗೆ ಬಿಓಡಿ ಎನ್ನುತ್ತಾರೆ. ಸಂಸ್ಕರಿಸಿ ಬಿಡುವ ನೀರಿಗೆ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ ಮಿತಿ ಲೀಟರಿಗೆ 10 ಮಿಲಿಗ್ರಾಂ ಬಿಓಡಿ. ಪ್ರತಿ ಘಟಕದಿಂದ ಹೊರಬರುವ ನೀರಿನ ಬಿಓಡಿ ಎಷ್ಟೆಂದು ತಿಂಗಳಿಗೊಮ್ಮೆ ಪಂಚಾಯಿತಿ ಬೋರ್ಡಿನಲ್ಲಿ ಬರೆಸಿ. ಮೊದಲ ಕೆಲಸವಾಗಿ, ಈ ಬೇಸಿಗೆಯೊಳಗೆ ತುಂಗೆಗೆ ಸೇರುವ ಪ್ರತಿ ಚರಂಡಿಯನ್ನೂ ಗುರುತಿಸಿ, ನೀರು ಅಳೆಸಿ, ಆ ಪಟ್ಟಿಯನ್ನು ನಮ್ಮ ಮುಂದಿಡಿ.

ಇತಿ,
ತುಂಗೆಯ ನೀರು ಕುಡಿಯುವ ಒಬ್ಬ ನಾಗರಿಕ